ಟಿಕ್ ಎಂದ ಹಾರ್ನ್ ರಿಲೇ

ಇವತ್ತು ಬೆಳಿಗ್ಗೆ ನಮ್ಮ ಯಜಮಾನರು ಜಗಲಿಯಲ್ಲಿ ಕೂತು ಕಾರಿನ ಹಾರ್ನ್ ರಿಲೇಗೆ ಬ್ಯಾಟರಿಯ ವಯರ್ ಮುಟ್ಟಿಸಿದರು. ಅದು ಟಿಕ್ ಎಂದಿತು. ಒಳಗೆ ತೆಂಗಿನಕಾಯಿ ತುರಿಯುತ್ತಿದ್ದ ನನ್ನ ಕೈ ನಿಂತಿತು.

ನಾನು ಸಣ್ಣವಳಿದ್ದಾಗ ಅಳದಂಗಡಿಯಲ್ಲಿ ಅಪ್ಪ ಬಾಡಿಗೆಗೆ ಅಂಬಾಸಿಡರ್ ಓಡಿಸುತ್ತಿದ್ದರು. ಒಮ್ಮೆ ಹಾರ್ನ್ ಕೈಕೊಟ್ಟಿತು. ಹಾರ್ನ್‌ಗೆ ಕರೆಂಟು ದಾಟಿಸುವ ರಿಲೇ ಎಂಬ ಆ ಸಣ್ಣ ಡಬ್ಬಿಯನ್ನು ಬಿಚ್ಚಿ ತಂದು, ಹೀಗೆಯೇ ವಯರ್ ಮುಟ್ಟಿಸಿ, ನಮ್ಮೆಲ್ಲರ ಕಿವಿಗೆ ಹಿಡಿದರು.

"ಟಿಕ್ ಹೇಳ್ತದಲ್ಲ, ಜೀವ ಉಂಟು ಮಾರಾಯ್ತಿ" ಎಂದು ಅಮ್ಮನನ್ನು ನೋಡಿ ನಕ್ಕರು.

ಪುನಃ ಜೋಡಿಸಿದಾಗ ಹಾರ್ನ್ ಕೂಗಿತು. ಅಪ್ಪ ನನ್ನ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಳ್ತಂಗಡಿಗೆ ಹೊರಟರು. ತಿರುವಿನಲ್ಲಿ ಎದುರಿಂದ ಲಾರಿ ಬಂತು. ತಮ್ಮ ಉಳಿಯಲಿಲ್ಲ.

"ನಾನು ಹಾರ್ನ್ ಒತ್ತಿದ್ದೇನೆ. ಅದು ಕೂಗಲಿಲ್ಲ" ಎಂದು ಅಪ್ಪ ದೇವರ ದೀಪದ ಎದುರು ನಿಂತು ಆಣೆ ಹಾಕಿದರು.

"ಟಿಕ್ ಹೇಳಿದ್ದನ್ನು ನಾವೆಲ್ಲ ಕೇಳಿದ್ದೇವೆ. ದೀಪದ ಎದುರಾದರೂ ಸುಳ್ಳು ಹೇಳ್ಬೇಡಿ" ಎಂದರು ಅಮ್ಮ.

ಆಮೇಲೆ ಅಮ್ಮ ಸಾಯುವವರೆಗೂ ಅಪ್ಪನಿಗೆ ಗಂಜಿ ಬಡಿಸಿದರು, ಮಾತಾಡಲಿಲ್ಲ. ಅಪ್ಪ ದೇವರ ಕೋಣೆಗೆ ಹೋಗುವುದನ್ನೇ ಬಿಟ್ಟರು.

ಇವತ್ತು ಜಗಲಿಗೆ ಬಂದು, "ರಿಲೇ ಸರಿ ಉಂಟಲ್ಲ?" ಎಂದು ಯಜಮಾನರನ್ನು ಕೇಳಿದೆ.

"ಟಿಕ್ ಹೇಳಿದ್ರೆ ಸಾಕಾಗುದಿಲ್ಲ ಮಾರಾಯ್ತಿ. ಒಳಗೆ ಸುಟ್ಟಿದ್ರೆ ಕರೆಂಟು ಒಮ್ಮೆ ಹೋಗ್ತದೆ, ಒಮ್ಮೆ ಹೋಗುದಿಲ್ಲ" ಎನ್ನುತ್ತಾ ಅವರು ಹಾರ್ನಿನ ಬದಲಿಗೆ ಒಂದು ಬಲ್ಬ್ ಸಿಕ್ಕಿಸಿ ಮತ್ತೆ ವಯರ್ ಮುಟ್ಟಿಸಿದರು.

ರಿಲೇ ಟಿಕ್ ಎಂದಿತು. ಬಲ್ಬ್ ಉರಿಯಲಿಲ್ಲ.

ಹೇಳೋಣವೆಂದರೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ದೇವರೇ, ನಿನಗೆ ಅವತ್ತೇ ಗೊತ್ತಿತ್ತಲ್ಲ.