ಕಣ್ಣು ಮುಚ್ಚಿ ನಳದ ತನಕ

ಹುಮೇರಾ ಮೇಡಂ ಕೆಮಿಸ್ಟ್ರಿ ಲ್ಯಾಬಿಗೆ ಕಾಲಿಟ್ಟರೆಂದರೆ ಬಾಟಲಿಗಳೂ ನೆಟ್ಟಗೆ ನಿಲ್ಲುತ್ತವೆ. ಪ್ರಯೋಗ ಶುರುವಾಗುವ ಮುಂಚೆ ದಿನಾ ಒಂದೇ ಹುಕುಂ: "ಕಣ್ಣು ಮುಚ್ಕೊಂಡು ನಳದ ತನಕ ನಡೀರಿ! ಆ್ಯಸಿಡ್ ಕಣ್ಣಾಗ ಬಿದ್ರ ದಾರಿ ಯಾರು ತೋರಸ್ತಾರ?" ನಡುವೆ ಯಾರದಾದರೂ ಬ್ಯಾಗು ಕಾಲಿಗೆ ತೊಡರಿತೋ, ಅದು ಕಿಟಕಿಯಿಂದಾಚೆ. ಪ್ರಿನ್ಸಿಪಾಲರನ್ನೂ ಒಮ್ಮೆ ಹಾಗೇ ತಡಕಾಡಿಸಿದ್ದಾರೆ. ಹುಡುಗರಿಗೆ ಅವರು 'ಕಣ್ಣಾಮುಚ್ಚಾಲೆ ಮೇಡಂ'. ಮೊನ್ನೆ ಬಳ್ಳಾರಿಯ ಬಿಸಿಲಿಗೆ ಬೆವೆತ ಕುರುಗೋಡಿನ ಹುಡುಗ ಗವಿಸಿದ್ದೇಶ, ಮುಖ ಒರೆಸಲೆಂದು ಲ್ಯಾಬಿನ ಕನ್ನಡಕ ಎತ್ತಿದ ಗಳಿಗೆಯಲ್ಲೇ ಆ್ಯಸಿಡ್ ಕಣ್ಣಿಗೆ ಸಿಡಿಯಿತು. ಕಿರುಚುತ್ತ, ಮುಚ್ಚಿದ ಕಣ್ಣಲ್ಲೇ, ಎಲ್ಲೂ ಎಡವದೆ ಅವನು ನಳ ಮುಟ್ಟಿದ. ಮೇಡಂ ಓಡಿಬಂದು ಅವನ ತಲೆಯನ್ನು ನೀರಿಗೊಡ್ಡಿ, "ಕಣ್ಣು ತೆಗಿಯಲೇ, ತೆಗಿ!" ಎಂದು ಗದರುತ್ತಲೇ ಇದ್ದರು. ಬಹಳ ಹೊತ್ತಾದ ಮೇಲೆ ಅವನು, "ಮೇಡಂ, ಕಾಣಾಕತ್ತೈತ್ರಿ" ಎಂದ. ಬಿಗಿಯಾಗಿ ಮುಚ್ಚಿಕೊಂಡಿದ್ದ ತಮ್ಮ ಕಣ್ಣುಗಳನ್ನು ಮೇಡಂ ತೆರೆದದ್ದು ಆಗಲೇ.