ಒಂದೇ ಮೊಳೆಗೆ ಎರಡು ಫೋಟೋ

"ಕಣ್ಣು ಬಿಟ್ಟು ನೋಡೋ, ಎರಡೂ ಸಾಲು ಒಂದೇ ಥರ ಇಲ್ವಾ?" ಎಂದು ಮ್ಯಾನೇಜರ್ ಲ್ಯಾಬಿನಿಂದ ಬಂದ ಫೋಟೋವನ್ನು ನನ್ನ ಮುಖಕ್ಕೆ ಹಿಡಿದರು. ಕಪ್ಪು ಕಾಗದದ ಮೇಲೆ ಬಿಳಿ ಗೀಟುಗಳು. ಒಂದು ಸಾಲು ನನ್ನ ಕೈಯಿಂದ ಒರೆಸಿ ತೆಗೆದ ಬ್ಯಾಕ್ಟೀರಿಯಾದ್ದು, ಪಕ್ಕದ್ದು ಕೆಟ್ಟ ಐಸ್‌ಕ್ರೀಮಿನದ್ದು.

ನಾನು ಪೀಣ್ಯದ ಐಸ್‌ಕ್ರೀಮ್ ಕಾರ್ಖಾನೆಯಲ್ಲಿ ಹಾಲಿನ ಪುಡಿ ಜರಡಿ ಹಿಡಿಯುತ್ತಿದ್ದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಮ್ಮ ಮಾಲು ತಿಂದು ಒಂದು ಮದುವೆಯಲ್ಲಿ ಜನ ವಾಂತಿ ಮಾಡಿಕೊಂಡಿದ್ದರು. ಮ್ಯಾನೇಜರ್ ಆ ಫೋಟೋವನ್ನು ಹಾಜರಿ ಬೋರ್ಡಿನ ಮೊಳೆಗೆ ಸಿಕ್ಕಿಸಿ, "ಶನಿವಾರವೇ ಕೊನೆ, ಆಮೇಲೆ ಬರಬೇಡ" ಎಂದರು.

"ಗೋಡೆಗೆ ಹತ್ತಿದ್ಯಲ್ಲೋ ಮಗಾ, ಹಾರ ತರ್ಲಾ?" ಎಂದ ಪ್ಯಾಕಿಂಗಿನವನು.

ಗುರುವಾರ ಎರಡು ಬಸ್ಸು ಬದಲಿಸಿ ವೈಟ್‌ಫೀಲ್ಡಿನ ಆ ಲ್ಯಾಬಿಗೆ ಹೋದೆ. ಪರೀಕ್ಷೆ ಮಾಡಿದ ಮೇಡಂ ಹೊರಗೆ ಬಂದರು.

"ನಂದ ಕೈ ಅಂತ ಹೆಂಗ ಹೇಳಿದ್ರಿ?"

"ನಾನು ಹೇಳಿಲ್ಲಪ್ಪ. ಹೋಲುತ್ತೆ, ಇನ್ನೊಂದು ವಿಧಾನದಲ್ಲೂ ನೋಡ್ಬೇಕು ಅಂತ ಫೋಟೋದ ಕೆಳಗೇ ಬರೆದಿದ್ದೆ. ನಿಮ್ಮೋರು ಓದಿಲ್ಲ. ನೀನೇನು ಕೆಲಸ ಮಾಡ್ತೀಯ?"

"ಜರಡಿ ಹಿಡಿತೀನ್ರಿ."

"ಇದೂ ಜರಡಿನೇ, ಬಾ" ಎಂದು ಒಳಗೆ ಕರೆದು ನೀರಿನಲ್ಲಿ ಮುಳುಗಿದ್ದ ಜೆಲ್ಲಿಯ ಹಲಗೆ ತೋರಿಸಿದರು. "ನಿನ್ನ ಕೈದು, ಐಸ್‌ಕ್ರೀಮಿಂದು, ನಿಮ್ಮ ಮೆಷಿನ್ನುಗಳಿಂದ ಒರೆಸಿ ತಂದಿದ್ದು, ಎಲ್ಲಾ ಇದರಲ್ಲಿವೆ. ಕರೆಂಟ್ ಕೊಟ್ರೆ ಡಿಎನ್‌ಎ ತುಂಡುಗಳು ಇದರೊಳಗೆ ಓಡ್ತವೆ. ಚಿಕ್ಕವು ಮುಂದೆ, ದೊಡ್ಡವು ಹಿಂದೆ, ನಿಂತ ಕಡೆ ಗೀಟು. ಮೊದಲನೇ ಪರೀಕ್ಷೆ ಬೇಗ ಮುಗಿಯುತ್ತೆ, ಆದ್ರೆ ಅಲ್ಲಲ್ಲಿ ಸಿಕ್ಕ ಚೂರನ್ನಷ್ಟೇ ನಕಲು ಮಾಡಿ ನೋಡೋದು. ಇನ್ನೊಂದ್ಸಲ ಮಾಡಿದ್ರೆ ಒಂದು ಗೀಟೇ ಮಾಯ. ಇದರಲ್ಲಿ ಇಡೀ ಡಿಎನ್‌ಎನ ಗೊತ್ತಿರೋ ಜಾಗದಲ್ಲೇ ಕತ್ತರಿಸ್ತೀವಿ. ತುಂಡು ದೊಡ್ಡವು. ಒಂದೇ ಕಡೆ ಎಳೆದ್ರೆ ಬೇರೆ ಆಗಲ್ಲ, ಕರೆಂಟಿನ ದಿಕ್ಕು ಬದಲಾಯಿಸ್ತಾ ಇರ್ಬೇಕು. ಒಂದು ದಿನ ಹಿಡಿಯುತ್ತೆ."

"ಅಂದ್ರ ಜರಡಿ ಒಂದ ಕಡೆ ತಳ್ಳೂದಲ್ಲ, ಆ ಕಡೆ ಈ ಕಡೆ ಅಲ್ಲಾಡ್ಸೂದು."

ಮೇಡಂ ನಕ್ಕರು. "ನಮ್ಮ ಹುಡುಗರಿಗೆ ಇಷ್ಟು ಹೇಳಿಕೊಡೋಕೆ ನನಗೆ ಒಂದು ವಾರ ಹಿಡೀತು."

ಅಷ್ಟರಲ್ಲಿ ಕರೆಂಟ್ ಹೋಯಿತು. ಜನರೇಟರ್ ಏಳಲಿಲ್ಲ. ಎರಡು ತಾಸು ಕಳೆದು ಕರೆಂಟ್ ಬಂದಾಗ ಮೇಡಂ ಆ ಜೆಲ್ಲಿಯನ್ನು ಎತ್ತಿ ಕಸಕ್ಕೆ ಹಾಕಿದರು.

"ಆದಷ್ಟ ನೋಡಿ ಹೇಳ್ಬಿಡ್ರಿ, ಶನಿವಾರ ನನ್ನ ಕೆಲಸ ಹೋಗ್ತೈತಿ."

"ಅರ್ಧ ಜರಡಿ ಹಿಡಿದ ಪುಡಿನ ನೀನು ಡ್ರಮ್ಮಿಗೆ ಸುರೀತೀಯಾ?"

ಸುರಿಯುವುದಿಲ್ಲ. ಅವರು ಮಾದರಿಯಲ್ಲಿ ಅರ್ಧವನ್ನು ಮೊದಲೇ ಫ್ರಿಜ್ಜಿನಲ್ಲಿ ಎತ್ತಿಟ್ಟಿದ್ದರು. ಗೊಣಗದೆ ಹೊಸ ಜೆಲ್ಲಿ ಎರೆದು ಮೊದಲಿನಿಂದ ಶುರು ಮಾಡಿದರು. ನಾನು ಅವರಿಗೆ ಯಾರೂ ಅಲ್ಲ. ಕೆಲಸ ಅಂದರೆ ಅದು. ಅಂಥ ಕೈಯನ್ನು ಪೀಣ್ಯದಲ್ಲಿ ಲೇತ್ ಮೆಷಿನ್ನು ನಡೆಸುವ ಒಳ್ಳೆಯ ಟರ್ನರುಗಳಲ್ಲಿ ಮಾತ್ರ ಕಂಡಿದ್ದೆ.

ಶನಿವಾರ ಬೆಳಿಗ್ಗೆ ಮತ್ತೆ ಹೋದಾಗ ಹೊಸ ಫೋಟೋ ಕೊಟ್ಟರು. ನನ್ನ ಸಾಲು ಬೇರೆ, ಐಸ್‌ಕ್ರೀಮಿನದು ಬೇರೆ. ಐಸ್‌ಕ್ರೀಮಿನದು ತಾಳೆಯಾದದ್ದು ಕಪ್‌ಗಳಿಗೆ ಐಸ್‌ಕ್ರೀಮ್ ತುಂಬುವ ಮೆಷಿನ್ನಿನ ರಬ್ಬರ್ ಕೊಳವೆಯ ಸಾಲಿಗೆ, ಗೀಟಿಗೆ ಗೀಟು. ಓದು ಬರದವನಿಗೂ ಕಾಣುತ್ತಿತ್ತು.

ಕಾರ್ಖಾನೆಗೆ ಹೋಗಿ, ಮಧ್ಯಾಹ್ನದ ಪಾಳಿಗೆ ಎಲ್ಲರೂ ಹಾಜರಿ ಹಾಕುವ ಹೊತ್ತಿಗೆ, ಹಳೆಯದರ ಮೇಲೆ ಅದೇ ಮೊಳೆಗೆ ಸಿಕ್ಕಿಸಿದೆ. ಮ್ಯಾನೇಜರ್ ಹತ್ತಿರ ಬಂದು ಬಹಳ ಹೊತ್ತು ನೋಡಿದರು. ಈ ಸಲ ಕೆಳಗೆ ಬರೆದದ್ದನ್ನೂ ಓದಿದರು.

"ಹೋಗು, ಜರಡಿ ಹಿಡಿಯೋ ಪುಡಿ ಹಾಗೇ ಬಿದ್ದಿದೆ" ಎಂದರು.

ಹೋದೆ. ಇನ್ನು ಹೇಳುವುದೇನೂ ಇಲ್ಲ.