ಲಿಯೊಕಾದಿಯಾಳ ಕೂಗು

ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಪುಟ್ಟ ಊರು ಚಿರಿಮಾರ್ಕಾ. ಗುಡ್ಡಕ್ಕೆ ನಾಲ್ಕು ಮನೆ, ಎಲ್ಲಕ್ಕೂ ಸೇರಿ ಒಂದು ಪುರಸಭೆ, ಅದರ ಮಾಡಿನ ಮೇಲೊಂದು ಧ್ವನಿವರ್ಧಕ. ಮೊದಲು ಅದರಲ್ಲಿ ಸುದ್ದಿ ಸಾರುತ್ತಿದ್ದವನು ಪೇಟೆಯ ಗುಮಾಸ್ತ. "ದಯವಿಟ್ಟು ಕಾಲುವೆಯ ಹೂಳೆತ್ತಲು ಬನ್ನಿ" ಎಂದು ನಯವಾಗಿ ಕರೆದರೆ ಒಂದು ಗುದ್ದಲಿಯೂ ಅಲ್ಲಾಡುತ್ತಿರಲಿಲ್ಲ. ಅವನ ಗಂಟಲು ಕಟ್ಟಿದ ದಿನ, ಆಲೂಗಡ್ಡೆ ಮಾರಲು ಚೌಕಕ್ಕೆ ಬಂದಿದ್ದ ಲಿಯೊಕಾದಿಯಾಳ ಕೈಗೆ ಮೇಯರ್ ಮೈಕು ಕೊಟ್ಟರು.

"ಏಳ್ರೋ ಸೋಂಬೇರಿಗಳಾ! ನೀರು ಬೇಕು, ಕೆಲ್ಸ ಬೇಡ್ವಾ? ಸತುರ್ನೀನೋ, ನಿನ್ ಒಲೆ ಹೊಗೆ ಇಲ್ಲಿಗೇ ಕಾಣ್ತಿದೆ, ತಿಂದಿದ್ ಸಾಕು, ಬಾ!"

ಊರಿಗೆ ಊರೇ ಗುಡ್ಡ ಇಳಿದು ಬಂತು. ಕೆಲಸ ಅವಳಿಗೇ ಕಾಯಂ ಆಯಿತು.

ಒಂದು ದಿನ ಮೇಲಿನ ಗುಡ್ಡದಲ್ಲಿ ಕುರಿಯಂತೆ ಉಣ್ಣೆ ಕೊಡುವ ಅಲ್ಪಾಕಾಗಳನ್ನು ಮೇಯಿಸುವ ಒಂಟಿ ಗಂಡಸು ತೆಯೊದೋಸಿಯೊ ಬಂದು, ಟೋಪಿ ತಿರುವುತ್ತಾ ನಿಂತ. "ಒಂದು ಅಲ್ಪಾಕಾ ಕಳೆದೋಗಿದೆ ಕಣ್ರೀ. ನನ್ ಹೆಸ್ರು ಹೇಳಿ ಸ್ವಲ್ಪ ಜೋರಾಗಿ ಕೂಗ್ತೀರಾ?"

ಕೂಗಿದಳು. ಮುಂದಿನ ವಾರ ಇನ್ನೊಂದು ಕಳೆಯಿತು. ಆಮೇಲೆ ಹಗ್ಗ, ಆಮೇಲೆ ಕಂಬಳಿ.

"ಅವ್ನು ಇನ್ನೇನೇ ಕಳ್ಕೊಳೋದು, ಬುದ್ಧಿ ಒಂದು ಬಾಕಿ," ಎಂದು ಸಂತೆಯ ಹೆಂಗಸರು ಕಿಸಕ್ಕನೆ ನಕ್ಕರು.

ಅನುಮಾನ ಬಂದು ಲಿಯೊಕಾದಿಯಾ ಗುಡ್ಡ ಹತ್ತಿದಳು. ಅಲ್ಪಾಕಾಗಳೆಲ್ಲ ದೊಡ್ಡಿಯಲ್ಲೇ ಇದ್ದವು. ಹಗ್ಗ ಗೂಟದಲ್ಲಿತ್ತು. ಆಸಾಮಿ ಕಂಬಳಿ ಹೊದ್ದು, ಅವಳ ಕೂಗು ಯಾವಾಗ ಬರುತ್ತದೋ ಎಂದು ಪುರಸಭೆಯ ಕಡೆ ಕಿವಿಗೊಟ್ಟು ಗೋಡೆಯ ಮೇಲೆ ಕೂತಿದ್ದ. ಬೈಯಬೇಕೆಂದು ಬಾಯಿ ತೆರೆದಳು, ನಗು ಬಂತು. ಸದ್ದಿಲ್ಲದೆ ಇಳಿದುಬಂದಳು.

ಮರುದಿನ ಮೈಕು ಹಿಡಿದಳು. "ತೆಯೊದೋಸಿಯೊ ಸಾಮಾನೆಲ್ಲ ಸಿಕ್ಕಿದೆ. ಕಳೆದೋಗಿರೋದು ಅವನೊಬ್ನೇ. ಧೈರ್ಯ ಇದ್ರೆ ಭಾನುವಾರ ಶಾಸ್ತ್ರದ ಕೋಕಾ ಎಲೆ ತಗೊಂಡು ನಮ್ಮಮ್ಮನ ಹತ್ರ ಬಂದು ಹೆಣ್ಣು ಕೇಳ್ಲಿ!"

ಅವನು ಭಾನುವಾರದವರೆಗೆ ಎಲ್ಲಿ ಕಾಯುತ್ತಾನೆ! ಆಗಲೇ ಓಡಿಬಂದ. ಅವಸರದಲ್ಲಿ ದೊಡ್ಡಿಯ ಬಾಗಿಲು ಹಾಕಿರಲಿಲ್ಲ. ಅಲ್ಪಾಕಾಗಳು ಈಗ ನಿಜವಾಗಿಯೂ ಚೆಲ್ಲಾಪಿಲ್ಲಿಯಾದವು. ಅವಳು ಎಷ್ಟು ಕೂಗಿದರೂ ಒಬ್ಬರೂ ನಂಬಲಿಲ್ಲ.

"ಸಾಕು ಬಿಡೇ, ಮದ್ವೆ ಊಟಕ್ಕೆ ಬರ್ತೀವಿ!" ಎಂದರು.

ಇಬ್ಬರೇ ಬಾರ್ಲಿ ಹೊಲಗಳಲ್ಲೆಲ್ಲ ಓಡಾಡಿ, ಹೊಲದವರಿಂದ ಬೈಸಿಕೊಂಡು, ಸಂಜೆಗೆ ಮಂದೆಯನ್ನು ಒಟ್ಟುಗೂಡಿಸಿದರು. ಕೆಸರು ಮೆತ್ತಿಕೊಂಡು ಬಂದವನನ್ನು ಅವಳ ತಾಯಿ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಪ್ರಾಣಿ ಕಾಯೋಕೇ ಬರಲ್ಲ, ನನ್ ಮಗಳನ್ನ ಹೇಗಯ್ಯಾ ಕಾಯ್ತೀಯ?"

"ಇವಳನ್ನ ಕಾಯೋದೇನು ಬಂತು ಅತ್ತೇ? ಎಲ್ಲಿ ಕಳೆದೋದ್ರೂ ಇವಳ ಕೂಗು ಮೂರು ಗುಡ್ಡಕ್ಕೆ ಕೇಳ್ಸುತ್ತೆ."

ಮುದುಕಿ ಬಿದ್ದು ಬಿದ್ದು ನಕ್ಕಳು. ಲಿಯೊಕಾದಿಯಾ ಮಾತ್ರ ಅವನ ಬೆನ್ನಿಗೊಂದು ಗುದ್ದಿ, ಬಿಸಿ ಆಲೂಗಡ್ಡೆ ಸಾರು ಬಡಿಸಿದಳು.